ಖುದ್ದು ಹಾಜರು

ದಿನಕ್ಕೆ ನಲವತ್ತು ಕಾಗದಕ್ಕೆ ಠಸ್ಸೆ ಒತ್ತುತ್ತೇನೆ,
ತಲೆ ಎತ್ತದೆ.
ಬಾಡಿಗೆ ಕರಾರು, ಹೆಸರಿನ ತಿದ್ದುಪಡಿ, ಕಳೆದುಹೋದ ಅಂಕಪಟ್ಟಿ,
ಅಣ್ಣತಮ್ಮಂದಿರ ನಡುವೆ ಹರಿದ ಒಂದು ಎಕರೆ.
ಘಾಳೆಪ್ಪ, ನೋಟರಿ, ಬೀದರ.
ದುಂಡನೆಯ ನೀಲಿಯೊಳಗೆ ನಾನು ಇಷ್ಟೇ.

ನವೆಂಬರಿನಲ್ಲಿ ಮಾತ್ರ ಒಂದು ಕಾಗದ ಬರುತ್ತದೆ,
ಮುಖ ನೋಡಿಯೇ ಬರೆಯಬೇಕಾದದ್ದು.

ಮಂಗಲಪೇಟೆಯಿಂದ ಆಟೋದಲ್ಲಿ ಸುವಾರ್ತಾ ಸಿಸ್ಟರ್ ತರುತ್ತಾರೆ.
ಬಿಳಿ ಸ್ವೆಟರು, ಗಂಡಸರ ಗಡಿಯಾರ,
ಕಾಸೆಲ್ ಎಂಬ ಊರಿನ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ
ರಾತ್ರಿಪಾಳಿ ಮಾಡಿದ ಬೆನ್ನು, ಇನ್ನೂ ನೆಟ್ಟಗೆ.
ಆ ದೇಶದ ಲೆಕ್ಕದಲ್ಲಿ ಇವರು ಪರದೇಶದಲ್ಲಿದ್ದಾರೆ:
ತಮ್ಮದೇ ಓಣಿಯಲ್ಲಿ, ತಮ್ಮದೇ ಬಾವಿಯ ಪಕ್ಕ.

ಫಾರ್ಮಿನ ನೆತ್ತಿಯ ಮೇಲೆ ಒಂದೇ ಪದ, ಗೂಡ್ಸ್ ಗಾಡಿಯಷ್ಟು ಉದ್ದ.
ವರ್ಷಾ ವರ್ಷ ಹೇಳಿಕೊಡುತ್ತಾರೆ,
ನಾನು ಮೂರನೇ ಡಬ್ಬಿಗೆ ಹಳಿ ತಪ್ಪುತ್ತೇನೆ.
ಅರ್ಥ ಮಾತ್ರ ಸಣ್ಣದು:
ಈ ಹೆಂಗಸು ಇವತ್ತು ನನ್ನ ಎದುರು ಕೂತಿದ್ದಾಳೆ, ಉಸಿರಾಡುತ್ತಿದ್ದಾಳೆ.

ನೋಡಿದೆ. ಎಡಗಣ್ಣಿನ ಕೆಳಗೊಂದು ಹೊಸ ಮಚ್ಚೆ.
ಪಾಸ್‌ಪೋರ್ಟಿನೊಳಗಿನಾಕೆ ಇವರ ತಂಗಿಯಂತಿದ್ದಳು.
ತೊಳೆದು ತೊಳೆದು ಬೆರಳ ಗೆರೆಗಳೆಲ್ಲ ಸವೆದಿದ್ದವು.
‘ಬ್ಯಾಂಕಿನ ಮಷೀನು ಮೂರು ಸಲ ನನ್ನ ಅಲ್ಲ ಅಂತು,
ಕೋಳಿ ಕೂಗೋದೊಂದು ಬಾಕಿ ಇತ್ತು’ ಎಂದು ನಕ್ಕರು.

ಕರೆಂಟು ಹೋಯಿತು. ಝೆರಾಕ್ಸಿನವ ಬಾಗಿಲಲ್ಲಿ ಬೀಡಿ ಹಚ್ಚಿದ.
ವಿಮಾನದಳದ ಹುಡುಗರು ಮೇಲೆ ಆಕಾಶ ಹರಿಯುತ್ತಿದ್ದರು,
ಒಂದು ಮಾತು ಎರಡು ಸಲ ಹೇಳಬೇಕು.
ಸುಮ್ಮನೆ ಕೂರಲಾರದ ಸಿಸ್ಟರ್
ಮೇಜಿನ ಮೇಲಿದ್ದ ನನ್ನ ಮಣಿಕಟ್ಟು ಹಿಡಿದು
ಗಡಿಯಾರ ನೋಡತೊಡಗಿದರು.
‘ತೊಂಬತ್ತಾರು. ದಿನಕ್ಕ ಎಷ್ಟು ಚಾ ಕುಡೀತೀರಿ?’
ಜನರಿಂದ ಪ್ರಮಾಣ ಮಾಡಿಸುವವನು
ಸುಳ್ಳು ಹೇಳಿದೆ: ಎರಡೇ.

ಆಮೇಲೆ ಚೀಲದಿಂದ ಇನ್ನೊಂದು ಫಾರ್ಮು ತೆಗೆದರು.
ಅದೇ ಉದ್ದನೆಯ ಪದ. ಹೆಸರು ಬೇರೆ, ಜಯವಂತಿ.
ಹೋದ ವರ್ಷ ಇದೇ ಬೆಂಚಿನಲ್ಲಿ ಜೊತೆಗೆ ಕೂತಿದ್ದವರು,
ಸೀತಾಫಲದ ಬೀಜ ಅಂಗೈಗೆ ಉಗುಳಿಕೊಂಡು
ಎಲ್ಲಿ ಚೆಲ್ಲಬೇಕೆಂದು ಹುಡುಕುತ್ತಿದ್ದವರು.
ಒಂದೇ ವಿಮಾನದಲ್ಲಿ ಹೋಗಿ, ಒಂದೇ ಕೋಣೆಯಲ್ಲಿದ್ದು
ಒಂದೇ ಓಣಿಗೆ ವಾಪಸಾದವರು.

‘ಸತ್ತವರಿಗಿ ಖಾನಿ ಎಲ್ಲದರಿ ಇದರಾಗ?’

ತಿರುವಿ ನೋಡಿದೆ. ಇರಲಿಲ್ಲ.
ಇದ್ದೇನೆ ಅನ್ನಲು ಮೂರು ಕಡೆ ಸಹಿ, ಒಂದು ಠಸ್ಸೆ;
ಇಲ್ಲ ಅನ್ನಲು ಒಂದು ಗೆರೆಯೂ ಇಲ್ಲ.
‘ಕಳಸ್ಲಿಲ್ಲಂದ್ರ ಸಾಕ್ರಿ, ತಾವೇ ತಿಳ್ಕೊಂಡು ಬಂದ್ ಮಾಡ್ತಾರ.’
‘ಬಂದ ಕಾಗದಕ್ಕ ಜವಾಬ ಬರೀದೇ ಮಲಗಾಕಿ ಅಲ್ಲ ಆಕಿ.’

ಕನ್ನಡಕ ಏರಿಸಿ, ಅಂಚಿನ ಖಾಲಿ ಜಾಗದಲ್ಲಿ,
ಆ ದೇಶದ ಭಾಷೆಯಲ್ಲಿ, ವಾರ್ಡಿನ ಚಾರ್ಟು ತುಂಬುವ ಅಕ್ಷರದಲ್ಲಿ
ಎರಡು ಸಾಲು ಬರೆದರು.
ಏನೆಂದು ಕೇಳಿದೆ.
‘ಏಪ್ರಿಲ್ ಒಂಬತ್ತು, ನಸುಕಿನ ನಾಲ್ಕು ಹತ್ತು. ನಾಡಿ ಇಲ್ಲ.
ನೋಡಿದಾಕಿ ನಾನು.’

ಖುದ್ದು ಹಾಜರಾಗದವರ ಕಾಗದಕ್ಕೆ ನಾನು ಠಸ್ಸೆ ಒತ್ತುವಂತಿಲ್ಲ.
ಕೈ ಅದರ ಮೇಲೆ ಹೋಗಿ ತಿರುಗಿ ಬಂತು.
ಫೀಸು ಇಬ್ಬರದೂ ಇಟ್ಟರು. ಒಬ್ಬರದು ತಳ್ಳಿದೆ.
ಮತ್ತೆ ತಳ್ಳಿದರು. ನೋಟು ಮೇಜಿನ ನಡುವೆಯೇ ಉಳಿಯಿತು,
ಫ್ಯಾನು ತಿರುಗಿದಾಗ ಅದರ ಮೇಲೆ ಠಸ್ಸೆಯ ಡಬ್ಬಿ ಇಟ್ಟೆ.

ಎರಡೂ ಫಾರ್ಮು ಒಂದೇ ಲಕೋಟೆಗೆ ಹಾಕಿದರು.
ಮೊದಲಿನಿಂದ ಹಾಗೇ, ಅಂಚೆ ಖರ್ಚು ಉಳಿಯುತ್ತದೆಂದು.

ಸಿಸ್ಟರ್ ಕಾಗದದಲ್ಲಿ ತಾರೀಖಿನ ಪಕ್ಕ ವೇಳೆಯನ್ನೂ ಬರೆದಿದ್ದೆ,
ಯಾರೂ ಕೇಳಿರಲಿಲ್ಲ: ಹನ್ನೊಂದು ನಲವತ್ತು.
ಆ ಒಂದು ಹೊತ್ತಿಗೆ ನಾನು ಸಾಕ್ಷಿ.
ಲಕೋಟೆ ಮುಟ್ಟಲು ಹದಿನೆಂಟು ದಿನ ಅನ್ನುತ್ತಾರೆ ಅಂಚೆಯವರು.
ಅಷ್ಟು ದಿನಕ್ಕೆ ಜಾಮೀನು ಯಾರೂ ಇಲ್ಲ,
ಅವರಿಗೂ, ತೊಂಬತ್ತಾರಕ್ಕೂ.